ಹಾಗಲದ ಎಲೆ ಜರಡಿಯಾದರೆ ಮೊದಲು ಎಲೆಯ ಅಡಿ ನೋಡಿ

ಅಕ್ಕಾ, ನಮಸ್ಕಾರ. ನೀವು ಹಾಕಿದ ಮೂರು ಫೋಟೋಗಳನ್ನೂ ದೊಡ್ಡದು ಮಾಡಿ ನೋಡಿದೆ. ಹಾಗಲದ ಎಲೆ ಜರಡಿಯಂತಾಗಿದೆ, ಮುಳ್ಳುಸೌತೆಯ ಎಳೆ ಗಿಡದ ತುಂಬ ತೂತು, ಹರಿವೆಯ ಎಲೆ ಮಡಚಿಕೊಂಡಿದೆ. ಅಂಗಡಿಯವರು ಕೊಟ್ಟ ಜೋರಿನ ಮದ್ದು ಮೂರಕ್ಕೂ ಹೊಡೆಯಬಹುದಾ ಅಂತ ಕೇಳಿದ್ದೀರಿ. ಬೇಡ ಅಕ್ಕಾ. ಮೂರನ್ನೂ ತಿಂದದ್ದು ಬೇರೆ ಬೇರೆ ಹುಳ. ತಿಂದ ಗುರುತು ಸರಿಯಾಗಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ಹಾಗಲದ ಎಲೆ ಬೆಳಕಿಗೆ ಹಿಡಿದು ನೋಡಿ. ಹಸಿರನ್ನಷ್ಟೇ ಕೆರೆದು ತಿಂದು, ನರ ಮತ್ತು ತೆಳು ಪೊರೆಯನ್ನು ಹಾಗೆಯೇ ಬಿಟ್ಟಿದೆ. ಇದು ಎಪಿಲಾಕ್ನಾ ದುಂಬಿಯ ಕೆಲಸ. ಎಲೆ ಮಗುಚಿದರೆ ಅಡಿಯಲ್ಲಿ ಹಳದಿ ಮೊಟ್ಟೆಗಳು ಗುಂಪಾಗಿ ನೆಟ್ಟಗೆ ನಿಂತಿರುತ್ತವೆ. ಪಕ್ಕದಲ್ಲೇ ಮೈತುಂಬ ಮುಳ್ಳಿರುವ ಹಳದಿ ಮರಿಗಳು. ಬದನೆಗೂ ಇದೇ ಜಾತಿಯ ದುಂಬಿ ಬರುತ್ತದೆ. ಒಂದು ಎಚ್ಚರಿಕೆ: ಗಿಡದ ರಸ ಹೀರುವ ಹೇನನ್ನು ತಿನ್ನುವ ಗುಲಗಂಜಿ ಹುಳವೂ ಇದೇ ಆಕಾರದ್ದು, ಅದಕ್ಕೂ ಕಪ್ಪು ಚುಕ್ಕಿ ಇರುತ್ತದೆ. ಅದರ ಬೆನ್ನು ಎಣ್ಣೆ ಹಚ್ಚಿದಂತೆ ಮಿಂಚುತ್ತದೆ. ಎಪಿಲಾಕ್ನಾದ ಮೈಮೇಲೆ ಸಣ್ಣ ರೋಮ ಇರುವುದರಿಂದ ಹೊಳಪಿಲ್ಲ. ಗುಲಗಂಜಿ ಹುಳವನ್ನು ದಯವಿಟ್ಟು ಕೊಲ್ಲಬೇಡಿ. ಅಲಸಂಡೆಗೆ ಕಪ್ಪು ಹೇನು ಹತ್ತಿದಾಗ ನಮಗೆ ದಿಕ್ಕು ಅದೇ.

ಮೊಟ್ಟೆ ಇರುವ ಎಲೆಯನ್ನು ಕಿತ್ತು ಸೋಪಿನ ನೀರಿಗೆ ಹಾಕಿ. ನಾಲ್ಕೈದು ಬಳ್ಳಿಯಾದರೆ ಇದಕ್ಕೆ ಕಾಲು ಗಂಟೆ ಸಾಕು. ಆಮೇಲೆ ಬೇವಿನೆಣ್ಣೆ. ಒಂದು ಲೀಟರ್ ನೀರಿಗೆ ಎಣ್ಣೆ 20 ಮಿ.ಲೀ., ಬೆಳ್ಳುಳ್ಳಿ 20 ಗ್ರಾಂ, ಬಾರ್ ಸೋಪು 5 ಗ್ರಾಂ. ಮೊದಲು ಬಿಸಿನೀರಲ್ಲಿ ಸೋಪು ಕರಗಿಸಿ ಎಣ್ಣೆ ಹಾಕಿ, ಹಾಲಿನ ಬಣ್ಣ ಬರುವವರೆಗೆ ಕಲಕಿ. ನಂತರ ಅರೆದು ಸೋಸಿದ ಬೆಳ್ಳುಳ್ಳಿ ರಸ, ಉಳಿದ ನೀರು. ಎಣ್ಣೆ ಮೇಲೆ ತೇಲುತ್ತಿದ್ದರೆ ಹೊಡೆಯಬೇಡಿ, ಎಲೆ ಸುಡುತ್ತದೆ. ನಾನು ಒಮ್ಮೆ ಸೋಪು ಜಾಸ್ತಿ ಹಾಕಿ ಮಧ್ಯಾಹ್ನದ ಬಿಸಿಲಲ್ಲಿ ಹೊಡೆದು, ಅಲಸಂಡೆಯ ಕುಡಿಯೆಲ್ಲ ಕರಟಿ ಹೋಗಿತ್ತು. ಸಂಜೆ ಹೊಡೆಯಿರಿ, ಎಲೆಯ ಅಡಿಗೆ ತಾಗುವ ಹಾಗೆ. ಮಾಡಿದ ದಿನವೇ ಮುಗಿಸಿ.

ಮುಳ್ಳುಸೌತೆಯಲ್ಲಿ ಉರುಟು ತೂತು ಮಾಡಿದ್ದು ಕಿತ್ತಳೆ ಬಣ್ಣದ ಕುಂಬಳ ದುಂಬಿ. ಎರಡು-ನಾಲ್ಕು ಎಲೆಯ ಗಿಡಕ್ಕೇ ಇದರ ಕಾಟ ಹೆಚ್ಚು. ಬಿಸಿಲೇರಿದರೆ ಕೈ ತಂದ ಕೂಡಲೇ ಹಾರಿಬಿಡುತ್ತದೆ. ಬೆಳಗ್ಗೆ ಬೇಗ ಹೋದರೆ ಮಂಕಾಗಿ ಕೂತಿರುತ್ತದೆ, ಸುಮ್ನೆ ಹೆಕ್ಕಬಹುದು. ಈಗ ಇಬ್ಬನಿ ಬೀಳುವ ಕಾಲ ಅಲ್ವಾ, ಬಚ್ಚಲು ಒಲೆಯ ಬೂದಿಯನ್ನು ಜರಡಿ ಹಿಡಿದು ಎಲೆಗೆ ತೆಳ್ಳಗೆ ಉದುರಿಸಿ, ಚೆನ್ನಾಗಿ ಅಂಟುತ್ತದೆ. ಇದರ ಮರಿ ಮಣ್ಣಿನೊಳಗೆ ಬೇರು ತಿನ್ನುತ್ತದೆ. ಹಾಗಾಗಿ ಬುಡದ ಮಣ್ಣನ್ನು ಆಗಾಗ ಮೆಲ್ಲಗೆ ಕೆದಕಿ.

ಹರಿವೆಯ ಮಡಚಿದ ಎಲೆ ಬಿಡಿಸಿದರೆ ಬಿಳಿ ನೂಲು, ಹಸಿರು ಹುಳ, ಕಪ್ಪು ಹಿಕ್ಕೆ ಸಿಗುತ್ತದೆ. ಅಂಥ ಎಲೆಗಳನ್ನು ಕಿತ್ತು ಸುಟ್ಟುಬಿಡಿ. ಬೆಳೆದ ಹರಿವೆಯನ್ನು ಬೇಗ ಕೊಯ್ದು ಪದಾರ್ಥ ಮಾಡಿ. ಕೆಂಪು ಹರಿವೆಯಲ್ಲಿ ಬಿಳಿ ಮಚ್ಚೆ ಕಂಡರೆ ಅದು ಹುಳವಲ್ಲ, ಶಿಲೀಂಧ್ರ. ಹಸಿರು ಹರಿವೆಗೆ ಆ ರೋಗ ಕಡಿಮೆ. ಎರಡನ್ನೂ ಬೆರೆಸಿ ಬಿತ್ತಿದರೆ ಹರಡುವುದೂ ಕಡಿಮೆಯಾಗುತ್ತದೆ.

ಅಂಗಡಿಯ ಮದ್ದಿನ ಬಗ್ಗೆ ಇಷ್ಟು ಹೇಳುತ್ತೇನೆ. ನಾನು ಕಾಸರಗೋಡಿನ ಎಣ್ಮಕಜೆಯವನು. ಇಲ್ಲಿ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಆ ವಿಷ ತಂದ ಕಾಯಿಲೆ-ಸಂಕಟ ಎಷ್ಟೋ ಮನೆಗಳಲ್ಲಿ ಇಂದಿಗೂ ಮುಗಿದಿಲ್ಲ. ನಾಳೆ ಸಾಂಬಾರಿಗೆ ಕೊಯ್ಯುವ ಸೊಪ್ಪಿಗೆ ವಿಷ ಹೊಡೆಯಲು ನನಗೆ ಮನಸ್ಸು ಬರುವುದಿಲ್ಲ. ನೀವೂ ಹೊಡೆಯಬೇಡಿ. ಆ ಬಾಟಲಿಯ ಮುಚ್ಚಳ ತೆಗೆಯದಿದ್ದರೆ ವಾಪಸ್ ಕೊಟ್ಟುಬಿಡಿ.

ನಾಳೆ ಬೆಳಗ್ಗೆ ಹಾಗಲದ ಎಲೆಯ ಅಡಿಯ ಫೋಟೋ ಒಂದು ಹಾಕಿ. ಬರೀ ಮೊಟ್ಟೆ ಇದ್ದರೆ ಕೈಯಲ್ಲೇ ಮುಗಿಯುತ್ತದೆ. ಮರಿಯಾಗಿದ್ದರೆ ವಾರಕ್ಕೊಮ್ಮೆಯಂತೆ ಮೂರು ಸಲ ಬೇವಿನೆಣ್ಣೆ ಹೊಡೆಯಬೇಕಾದೀತು.