ಕನ್ನಡಿಯ ಬಿಂಬ ಮಿಥ್ಯವಾದರೆ ಫೋಟೊ ಬರುವುದು ಹೇಗೆ?

ಪ್ರಶ್ನೆ: ಸಮತಲ ದರ್ಪಣದ ಬಿಂಬ ಮಿಥ್ಯ, ಅದನ್ನು ಪರದೆಯ ಮೇಲೆ ಹಿಡಿಯಲಾಗದು ಎಂದು ಓದಿದ್ದೇನೆ. ಆದರೆ ಕನ್ನಡಿಯಲ್ಲಿ ಕಾಣುವ ನನ್ನ ಮುಖದ ಫೋಟೊ ಮೊಬೈಲ್‌ನಲ್ಲಿ ಚೆನ್ನಾಗಿಯೇ ಬರುತ್ತದೆ. ಕ್ಯಾಮೆರಾದ ಸೆನ್ಸರ್ ಕೂಡ ಪರದೆಯೇ ಅಲ್ಲವೇ?

ಉತ್ತರ: ಹೌದು, ಪರದೆಯೇ. ನಿಮ್ಮ ತರ್ಕ ಸರಿಯಿದೆ. ಕೊರತೆ ಇರುವುದು ‘ಪರದೆಯ ಮೇಲೆ ಹಿಡಿಯಲಾಗದು’ ಎಂಬುದನ್ನೇ ವ್ಯಾಖ್ಯೆ ಮಾಡಿಕೊಂಡದ್ದರಲ್ಲಿ.

ವಸ್ತುವಿನ ಒಂದು ಬಿಂದುವಿನಿಂದ ಹೊರಟ ಕಿರಣಗಳು ದರ್ಪಣಕ್ಕೋ ಮಸೂರಕ್ಕೋ ತಾಗಿದ ಮೇಲೆ ಮತ್ತೆ ಒಂದೆಡೆ ನಿಜವಾಗಿ ಕೂಡಿದರೆ ಅದು ಸತ್ಯ ಬಿಂಬ. ಕೂಡದೆ ಚದುರುತ್ತಲೇ ಹೋಗಿ, ಹಿಂದಕ್ಕೆ ಗೆರೆ ಎಳೆದಾಗ ಮಾತ್ರ ಒಂದು ಬಿಂದುವಿನಲ್ಲಿ ಸೇರುವಂತಿದ್ದರೆ ಮಿಥ್ಯ ಬಿಂಬ. ಪರದೆಯ ಮಾತು ಇದರಿಂದ ಹುಟ್ಟಿದ್ದು. ಕನ್ನಡಿಯ ಹಿಂದಕ್ಕೆ ಬೆಳಕೇ ಹೋಗಿಲ್ಲ, ಅಲ್ಲಿ ಕಾಗದ ಹಿಡಿದರೆ ಏನು ಮೂಡೀತು?

ಕನ್ನಡಿಯಿಂದ ಚದುರಿ ಬರುವ ಕಿರಣಗಳನ್ನು ಕ್ಯಾಮೆರಾದ ಮಸೂರ ಬಾಗಿಸಿ ಸೆನ್ಸರ್ ಮೇಲೆ ಕೂಡಿಸುತ್ತದೆ. ಕನ್ನಡಿಯ ಮಿಥ್ಯ ಬಿಂಬವೇ ಮಸೂರದ ಪಾಲಿಗೆ ವಸ್ತು. ಸೆನ್ಸರ್ ಮೇಲೆ ಬೀಳುವುದು ಹೊಸದೊಂದು ಸತ್ಯ ಬಿಂಬ. ನಮ್ಮ ಕಣ್ಣಿನಲ್ಲೂ ಇದೇ ನಡೆಯುತ್ತದೆ. ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದ ಮೇಲೆ ತಲೆಕೆಳಗಾದ ಸತ್ಯ ಬಿಂಬ ಮೂಡುತ್ತದೆ ಎಂದು ಖಗೋಳವಿಜ್ಞಾನಿ ಕೆಪ್ಲರ್ 1604ರಲ್ಲೇ ವಿವರಿಸಿದ್ದ.

ಇದನ್ನು ನೀವೇ ಮಾಡಿ ನೋಡಬೇಕು. ಕನ್ನಡಿಯಿಂದ 20 ಸೆಂ.ಮೀ. ದೂರದಲ್ಲಿ ಮೊಬೈಲ್ ಹಿಡಿದು, ಗಾಜಿನ ಮೇಲಿನ ಒಂದು ಚುಕ್ಕೆಗೆ ಫೋಕಸ್ ಮಾಡಿ. ಮೊಬೈಲಿನ ಬಿಂಬ ಮಸುಕಾಗುತ್ತದೆ. ಬಿಂಬಕ್ಕೆ ಫೋಕಸ್ ಮಾಡಿದರೆ ಚುಕ್ಕೆ ಮಸುಕು. ಏಕೆಂದರೆ ಚುಕ್ಕೆ ಇರುವುದು 20 ಸೆಂ.ಮೀ.ನಲ್ಲಿ, ಬಿಂಬ 40 ಸೆಂ.ಮೀ.ನಲ್ಲಿ.

ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು: ಸತ್ಯ ಬಿಂಬ ಉಂಟಾಗಲು ಪರದೆ ಬೇಕಿಲ್ಲ. ಸಂಗಮದೂರ (ಸಮಾಂತರವಾಗಿ ಬಂದ ಕಿರಣಗಳು ಕೂಡುವ ದೂರ) 20 ಸೆಂ.ಮೀ. ಇರುವ ನಿಮ್ನ (ಒಳಕ್ಕೆ ತಗ್ಗಾದ) ದರ್ಪಣದ ಮುಂದೆ 30 ಸೆಂ.ಮೀ.ನಲ್ಲಿ ದೀಪವಿಟ್ಟರೆ, 60 ಸೆಂ.ಮೀ.ನಲ್ಲಿ ಇಮ್ಮಡಿ ಗಾತ್ರದ ತಲೆಕೆಳಗಾದ ಬಿಂಬ ಗಾಳಿಯಲ್ಲೇ ಉಂಟಾಗುತ್ತದೆ. ಅದಕ್ಕೂ ಹಿಂದೆ ಸರಿದು, ಅಕ್ಷದ ನೇರದಲ್ಲಿ ನಿಂತರೆ ಬರಿಗಣ್ಣಿಗೇ ಕಾಣುತ್ತದೆ.

ಸತ್ಯ, ಮಿಥ್ಯ ಬಿಂಬಗಳ ಈ ವ್ಯತ್ಯಾಸ ಉಪಕರಣ ಕಟ್ಟುವವರಿಗೆ ದಿನನಿತ್ಯದ ಮಾತು. 1611ರಲ್ಲಿ ಕೆಪ್ಲರ್ ವಿವರಿಸಿದ, ಎರಡು ಪೀನ (ನಡುವೆ ಉಬ್ಬಿದ) ಮಸೂರಗಳ ದೂರದರ್ಶಕದ ಕೊಳವೆಯೊಳಗೆ ಸತ್ಯ ಬಿಂಬ ಉಂಟಾಗುತ್ತದೆ. ಸರಿಯಾಗಿ ಅದೇ ಜಾಗದಲ್ಲಿ ಗುರಿಗೆರೆಗಳನ್ನು ಕೂರಿಸಿದರೆ ನಕ್ಷತ್ರವೂ ಗೆರೆಯೂ ಒಟ್ಟಿಗೇ ಸ್ಫುಟವಾಗಿ ಕಾಣುತ್ತವೆ. ಗೆಲಿಲಿಯೋನ ದೂರದರ್ಶಕದಲ್ಲಿ ನಿಮ್ನ ನೇತ್ರಮಸೂರ (ಕಣ್ಣಿನ ಕಡೆಯ ಮಸೂರ) ಕಿರಣಗಳನ್ನು ಕೂಡುವ ಮೊದಲೇ ತಡೆದು ತಿರುಗಿಸುವುದರಿಂದ, ಅಲ್ಲಿ ಹಾಗೆ ಗೆರೆ ಕೂರಿಸಲು ಜಾಗವೇ ಇಲ್ಲ.