ತಮ್ಮನ ಕಣ್ಣು, ನಮ್ಮ ತಲೆಬರಹ

ಪತ್ರ: ಹೋದ ಸಂಚಿಕೆಯಲ್ಲಿ ‘ಸ್ಕಿಜೋಫ್ರೇನಿಯಾ? ಕಣ್ಣೇ ಹೇಳುತ್ತೆ’ ಅಂತ ಹಾಕಿದ್ದಿರಿ. ನನ್ನ ತಮ್ಮನಿಗೆ 23 ವರ್ಷ. ನಾಲ್ಕು ತಿಂಗಳಿಂದ ಒಬ್ಬನೇ ಮಾತಾಡುತ್ತಾನೆ, ಸೂರಿನ ಮೂಲೆಯನ್ನೇ ದಿಟ್ಟಿಸುತ್ತಾನೆ. ಅಮ್ಮ ದೃಷ್ಟಿ ತೆಗೆದಿದ್ದೂ ಆಯ್ತು. ಆ ಕಣ್ಣಿನ ಪರೀಕ್ಷೆ ಎಲ್ಲಿ ಮಾಡುತ್ತಾರೆ? ಅದಾದ ಮೇಲೆ ಡಾಕ್ಟರ ಹತ್ತಿರ ಹೋಗೋಣ ಅಂತ ಅಪ್ಪ ಕಾಯುತ್ತಿದ್ದಾರೆ.
– ಓದುಗರು, ಹೊಸನಗರ ತಾಲ್ಲೂಕು

ಸಂಪಾದಕರ ಉತ್ತರ: ನಮಸ್ಕಾರ. ಆ ತಲೆಬರಹ ಇಟ್ಟವನು ನಾನೇ. ಸುದ್ದಿ ಚಿಕ್ಕದಿತ್ತು, ತಲೆಬರಹ ಜಾಸ್ತಿ ಆಯ್ತು. ಅದನ್ನು ನಂಬಿ ನಿಮ್ಮ ತಂದೆಯವರು ಕಾಯುತ್ತಿದ್ದಾರೆ ಅಂದರೆ ತಪ್ಪು ನನ್ನದು. ದಯವಿಟ್ಟು ಕಾಯಬೇಡಿ. ಈ ವಾರವೇ ಮನೋವೈದ್ಯರಿಗೆ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೇ ಮನೋರೋಗ ವಿಭಾಗವಿದೆ. ಮೊದಲು ಯಾರ ಹತ್ತಿರವಾದರೂ ಕೇಳಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಮ್ಮ ಸಾಯುವ ಮಾತಾಡಿದರಂತೂ ಬೆಳಗಾಗುವ ತನಕವೂ ಕಾಯಬೇಡಿ.

ಇನ್ನು ಕಣ್ಣಿನ ವಿಷಯ. ಸಂಶೋಧಕರು ಅಳೆಯುವುದು ನಿಮಗೆ ಕಾಣುತ್ತಿರುವ ಆ ದಿಟ್ಟ ನೋಟವನ್ನಲ್ಲ. ಅಡಿಕೆ ಕೊಯ್ಲು ನೆನಪಿಸಿಕೊಳ್ಳಿ. ಕೊನೆಗಾರ ಮೇಲಿಂದ ಗೊನೆಯನ್ನು ಹಗ್ಗದಲ್ಲಿ ಇಳಿಬಿಡುತ್ತಾನೆ. ಕೆಳಗೆ ನಿಂತವನ ಕಣ್ಣು ಗೊನೆಯ ಜೊತೆಗೇ ನುಣ್ಣಗೆ ಜಾರಿ ಬರುತ್ತದೆ. ಗೊನೆ ಇಲ್ಲದೆ ಸುಮ್ನೆ ಹಗ್ಗದ ಉದ್ದಕ್ಕೂ ಹಾಗೆ ಕಣ್ಣು ಇಳಿಸಿ ನೋಡಿ, ಆಗಲ್ಲ. ಕಣ್ಣು ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ್ದನ್ನು ನಂಬಿಸುವ ಮನೋರೋಗ) ಇರುವ ಅನೇಕರಲ್ಲಿ ಗೊನೆ ಎದುರಿಗಿದ್ದರೂ ಕಣ್ಣು ಹಿಂದೆ ಬೀಳುತ್ತದೆ, ಆಮೇಲೆ ನೆಗೆದು ಹೋಗಿ ಸೇರಿಕೊಳ್ಳುತ್ತದೆ. ಈ ನೆಗೆತ ಎಷ್ಟು ಚಿಕ್ಕದೆಂದರೆ ಅಳೆಯಲು ಯಂತ್ರವೇ ಬೇಕು.

ಅಮೆರಿಕದ ಸಂಶೋಧಕರಾದ ಡೀಫೆಂಡಾರ್ಫ್ ಮತ್ತು ಡಾಜ್ ಇದನ್ನು 1908ರಲ್ಲೇ ಫೋಟೋ ತೆಗೆದು ತೋರಿಸಿದ್ದರು. ಸ್ಕಿಜೋಫ್ರೇನಿಯಾ ಎಂಬ ಹೆಸರು ಆಗಿನ್ನೂ ಚಾಲ್ತಿಗೆ ಬಂದಿರಲಿಲ್ಲ. 1973ರಲ್ಲಿ ಅಲ್ಲಿಯದೇ ಮನಶ್ಶಾಸ್ತ್ರಜ್ಞ ಫಿಲಿಪ್ ಹೋಲ್ಜ್‌ಮನ್ ತೂಗಾಡುವ ಲೋಲಕ ತೋರಿಸಿ ಅದನ್ನೇ ಮತ್ತೆ ಕಂಡರು. ಮಜಾ ಇರುವುದು ಇಲ್ಲಿ: ಕಾಯಿಲೆ ಇಲ್ಲದ ಒಡಹುಟ್ಟಿದವರು, ಅಪ್ಪ ಅಮ್ಮಂದಿರಲ್ಲೂ ಎಷ್ಟೋ ಜನರ ಕಣ್ಣು ಹಾಗೇ ನೆಗೆಯಿತು. ಅಂದರೆ ಆ ಯಂತ್ರದ ಮುಂದೆ ಕೂತರೆ, ಏನೂ ತೊಂದರೆ ಇಲ್ಲದ ನಿಮ್ಮ ಕಣ್ಣೂ ಎಡವಬಹುದು! ವಂಶದಲ್ಲಿ ಏನು ಹರಿದು ಬರುತ್ತದೆ ಎಂದು ಹುಡುಕುವವರಿಗೆ ಇದು ಬಂಗಾರ. ನಿಮ್ಮ ಮನೆಯ ಪ್ರಶ್ನೆಗೆ ಉತ್ತರ ಅಲ್ಲ.

ನಾವು ಹಾಕಿದ ಸುದ್ದಿ 2012ರ ಒಂದು ಅಧ್ಯಯನದ್ದು. ಸ್ಕಾಟ್ಲೆಂಡಿನ ಅಬರ್ಡೀನ್‌ನವರು ಹಲವು ಕಣ್ಣಿನ ಪರೀಕ್ಷೆಗಳನ್ನು ಸೇರಿಸಿ, ಶೇಕಡಾ 98ರಷ್ಟು ಸರಿಯಾಗಿ ಗುರುತಿಸಿದರು. ಆದರೆ ಅವರು ಬೇರೆ ಮಾಡಿದ್ದು ಕಾಯಿಲೆ ಇದೆ ಅಂತ ಮೊದಲೇ ಗೊತ್ತಿದ್ದವರನ್ನು ಮತ್ತು ಆರೋಗ್ಯವಂತರನ್ನು. ಡಾಕ್ಟರ ಮುಂದಿರುವ ಪ್ರಶ್ನೆ ಬೇರೆ. ಇದು ಸ್ಕಿಜೋಫ್ರೇನಿಯಾನಾ, ಬೈಪೋಲಾರಾ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆ), ಗಾಂಜಾ ಮಾಡಿದ್ದಾ? ಬೈಪೋಲಾರ್‌ನಲ್ಲೂ ಕಣ್ಣು ಹೀಗೆ ನೆಗೆಯುತ್ತದೆ. ನಿದ್ದೆಗೆಟ್ಟರೂ, ಕೆಲವು ಮಾತ್ರೆಗಳಿಂದಲೂ ವ್ಯತ್ಯಾಸ ಆಗುತ್ತದೆ. ಅದಕ್ಕೇ ಡಾಕ್ಟರು ಯಂತ್ರ ಹುಡುಕುವುದಿಲ್ಲ, ನಿಮ್ಮನ್ನು ಕೂರಿಸಿ ಕೇಳುತ್ತಾರೆ. ಯಾವಾಗ ಶುರುವಾಯ್ತು, ನಿದ್ದೆ ಹೇಗಿದೆ, ಸ್ನಾನ ಊಟ ಮಾಡುತ್ತಾನಾ, ತಲೆಗೆ ಪೆಟ್ಟು ಬಿದ್ದಿತ್ತಾ. ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಹೋದಾಗ ಅರ್ಧ ಮರೆತುಹೋಗುತ್ತದೆ.

ಅಮ್ಮನಿಗೆ ಬೇಜಾರು ಮಾಡಬೇಡಿ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರೆ ತಮ್ಮನಿಗೇನೂ ನಷ್ಟವಿಲ್ಲ, ಆಸ್ಪತ್ರೆ ತಪ್ಪದಿದ್ದರೆ ಸರಿ. ತಂದೆಯವರಿಗೆ ಮಾತ್ರ ಪಕ್ಕದ ತೀರ್ಥಹಳ್ಳಿಯದ್ದು ಹೇಳಿ. ಚಿಕಿತ್ಸೆ ಸಿಗದೆ ಇದ್ದವರನ್ನು ಆ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು ಹುಡುಕಿ, ಊರಲ್ಲೇ ಔಷಧಿ ಕೊಟ್ಟರು. ಔಷಧಿ ತೆಗೆದುಕೊಂಡವರು ದಿನನಿತ್ಯದ ಬದುಕಿನಲ್ಲಿ ಚೇತರಿಸಿಕೊಂಡರು, ತೆಗೆದುಕೊಳ್ಳದವರು ಹಿಂದೆಯೇ ಉಳಿದರು. ಅಲ್ಲಿ ಯಾರೂ ಕಣ್ಣಿನ ಪರೀಕ್ಷೆಗೆ ಕಾಯಲಿಲ್ಲ.

ತಲೆಬರಹದ ತಿದ್ದುಪಡಿಯನ್ನು ಇದೇ ಸಂಚಿಕೆಯ ಎರಡನೇ ಪುಟದಲ್ಲಿ ಹಾಕಿದ್ದೇವೆ. ತಂದೆಯವರಿಗೆ ತೋರಿಸಿ.