ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟಿದ್ದು

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಈ ಅವ್ವ ಗದಗ ಹತ್ತಿರದ ಹಳ್ಳಿಯವರು, ವಯಸ್ಸು 74. ಗಂಡ ತೀರಿಕೊಂಡ ಮೇಲೆ ಹುಬ್ಬಳ್ಳಿಗೆ, ಮಗನ ಮನೆಗೆ ಬಂದರು. ಎಂಟು ತಿಂಗಳಾದ ಮೇಲೆ ಮಗ ಅವರನ್ನು ಸಲಹೆಗಾಗಿ ನನ್ನ ಹತ್ತಿರ ಕರೆತಂದರು.

"ಅವ್ವ ಮಾತಾಡೂದ ಬಿಟ್ಟಾಳ್ರಿ ಮೇಡಂ. ಜಳಕಕ್ಕೂ ಒಬ್ಬರು ಬೇಕು. ನಾವೇನೂ ಕಮ್ಮಿ ಮಾಡಿಲ್ರಿ."

ನಿಜ, ಕಮ್ಮಿ ಮಾಡಿರಲಿಲ್ಲ. ಜಾಸ್ತಿಯೇ ಮಾಡಿದ್ದರು. ಬಂದ ಎರಡನೇ ತಿಂಗಳು ಅವ್ವ ಬಚ್ಚಲಲ್ಲಿ ಜಾರಿದ್ದರು. ಪೆಟ್ಟು ದೊಡ್ಡದಲ್ಲ, ಆದರೆ ಮನೆಯವರು ಹೆದರಿಬಿಟ್ಟರು. ಒಲೆ ಹತ್ತಿರ ಬರಬೇಡಿ, ಮೆಟ್ಟಿಲು ಇಳಿಯಬೇಡಿ ಅಂದರು. ಗುಳಿಗೆ ಮಗನೇ ಎಣಿಸಿ ಕೊಡುತ್ತಿದ್ದರು. ಪಿಂಚಣಿ ಪಾಸ್‌ಬುಕ್ ಕಪಾಟು ಸೇರಿತು.

ಒಬ್ಬರೇ ಕೂತಾಗ ಅವ್ವ ಹೇಳಿದರು: "ಊರಾಗ ದಿನಾ ಇಪ್ಪತ್ತು ರೊಟ್ಟಿ ಬಡೀತಿದ್ದೆ. ಇಲ್ಲಿ ಏನೂ ಮುಟ್ಟಂಗಿಲ್ಲ. ಸುಮ್ನ ಕುಂತು ಉಣ್ಣಾಕ ನಾಚಿಕಿ ಆಗತೈತಿ, ಯವ್ವಾ."

ವಯಸ್ಸಾದವರ ದಿನದ ಕೆಲಸ ಅಳೆಯಲು ನಾವು ಎರಡು ಪಟ್ಟಿ ನೋಡುತ್ತೇವೆ. 1963ರ ಕ್ಯಾಟ್ಜ್ ಪಟ್ಟಿಯಲ್ಲಿ ಜಳಕ, ಬಟ್ಟೆ, ಊಟದಂಥ ಆರು ಸಂಗತಿಗಳಿವೆ. 1969ರ ಲಾಟನ್-ಬ್ರೋಡಿ ಪಟ್ಟಿಯಲ್ಲಿ ಅಡುಗೆ, ಔಷಧಿ, ದುಡ್ಡು, ಫೋನು, ಓಡಾಟ ಎಲ್ಲ ಸೇರಿ ಎಂಟು. ಸಾಮಾನ್ಯವಾಗಿ ಎರಡನೇ ಪಟ್ಟಿಯವು ಮೊದಲು ಕೈತಪ್ಪುತ್ತವೆ. ಈ ಅವ್ವನಿಗೆ ಅವು ತಪ್ಪಿರಲಿಲ್ಲ, ಪ್ರೀತಿಯಿಂದಲೇ ಕಸಿದುಕೊಂಡಿದ್ದರು. ಕೂತಲ್ಲೇ ಕೂತರೆ ತೊಡೆಯ ಬಲ ಇಳಿಯುತ್ತದೆ. ಬಲ ಇಳಿದರೆ ಬೀಳುವ ಅಪಾಯ ಇನ್ನೂ ಹೆಚ್ಚು, ಅಲ್ವಾ?

ಮೊದಲು ವೈದ್ಯರ ಹತ್ತಿರ ಕಳಿಸಿದೆ. ವಯಸ್ಸಾದವರು ಮಂಕಾದರೆ ಬರೀ ಮನಸ್ಸಿನದು ಅಂತ ತಿಳಿಯಬಾರದು. ಥೈರಾಯ್ಡ್, ಕಿವಿ, ಕಣ್ಣು, ಬಿಪಿ ಗುಳಿಗೆ ಎಲ್ಲವನ್ನೂ ನೋಡಬೇಕು. ಇವರಿಗೆ ವಿಟಮಿನ್ ಬಿ12 ಕಡಿಮೆ ಇತ್ತು, ಚಿಕಿತ್ಸೆ ಶುರುವಾಯಿತು.

ಕಷ್ಟದ ಮಾತು ಸೊಸೆಯ ಜೊತೆ ಇತ್ತು. "ಅತ್ತಿ ಕಡೆ ಕೆಲಸ ಮಾಡಸ್ತಾಳ ಅಂತ ಮಂದಿ ಅಂತಾರ್ರಿ" ಎಂದು ಅತ್ತರು. ಈ ಭಯ ಸಣ್ಣದಲ್ಲ. ಒಳ್ಳೆಯ ಸೊಸೆಯರೇ ಇದಕ್ಕೆ ಜಾಸ್ತಿ ಸಿಕ್ಕಿಬೀಳುತ್ತಾರೆ. ಹಾಗಾಗಿ ಮೊಮ್ಮಗಳೂ ಸೇರಿ ನಾಲ್ವರನ್ನೂ ಒಟ್ಟಿಗೆ ಕೂರಿಸಿದೆ. ಯಾವ ಕೆಲಸ ಬೇಕು ಅಂತ ಅವ್ವನೇ ಆರಿಸಲಿ, ಬೀಗರು ಕೇಳಿದರೆ ಮಗನೇ ಉತ್ತರ ಕೊಡಲಿ ಎಂದೆ. ಅವ್ವ ಆರಿಸಿದ್ದು ರೊಟ್ಟಿ. ಬೇಯಿಸುವುದು ಸೊಸೆ, ಬಡಿಯುವುದು ಅವ್ವ, ಸದ್ಯಕ್ಕೆ ಐದೇ ರೊಟ್ಟಿ.

ಬಚ್ಚಲಿಗೆ ಹಿಡಿಕೆ, ಜಾರದ ಮ್ಯಾಟು, ಕೂರಲು ಸ್ಟೂಲು ಹಾಕಿಸಿದರು. ಗುಳಿಗೆಗೆ ವಾರದ ಡಬ್ಬಿ ತಂದರು. ಅದನ್ನು ಅವ್ವ ತುಂಬುತ್ತಾರೆ, ಮಗ ಒಮ್ಮೆ ನೋಡುತ್ತಾರೆ. ಪಾಸ್‌ಬುಕ್ ಅವ್ವನ ಟ್ರಂಕಿಗೆ ಮರಳಿತು. ಊರಿನ ಗೆಳತಿಗೆ ದಿನವೂ ಒಂದು ಫೋನು. ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲ, ಅದಕ್ಕೆ ಹಿರಿಯರ ಸಹಾಯವಾಣಿ 14567 ಅನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಲು ಹೇಳಿದೆ.

ಮೂರು ತಿಂಗಳಾಗಿದೆ. ಜಳಕ ಈಗ ಅವರೇ ಮಾಡುತ್ತಾರೆ, ಬಾಗಿಲಿಗೆ ಚಿಲಕ ಹಾಕುವುದಿಲ್ಲ. ರಾತ್ರಿ ಏಳುವಾಗ ಮಾತ್ರ ಕಾಲು ನಡುಗುತ್ತದೆ. ಅದಕ್ಕೆ ಮೊಮ್ಮಗಳು ಪಕ್ಕದಲ್ಲೇ ಮಲಗುತ್ತಾಳೆ, ಕರೆದಾಗ ಕೈ ಕೊಡುತ್ತಾಳೆ. ಅದನ್ನು ಹಾಗೇ ಮುಂದುವರಿಸಿ ಎಂದಿದ್ದೇನೆ.